ಯಂತ್ರ ನಿಂತಾಗ ಬರುವವರು: ಕಾರು ತಯಾರಿಕೆ, ರೋಬಾಟ್ ಮತ್ತು ನೆಲೆಯ ಪ್ರಶ್ನೆ



ತಾಂತ್ರಿಕ ವಿಷಯವೊಂದನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಬಹುಕಾಲ ಉತ್ಪಾದನಾ ಎಂಜಿನಿಯರಿಂಗ್ ಪಾಠ ಹೇಳಿದ ನನಗೆ ಇದು ಸಂತೋಷದ ಹೊಣೆ.

ಬೆಳಗಿನ ಜಾವ ಅತ್ತಿಬೆಲೆಯ ಗಡಿಯಲ್ಲಿ ನಿಂತು ನೋಡಿ. ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೊಸೂರಿನ ಕಡೆ ಹೋಗುತ್ತವೆ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಹುಡುಗರು, ಕೊರಳಲ್ಲಿ ಗುರುತಿನ ಚೀಟಿ, ಮಡಿಲಲ್ಲಿ ಬುತ್ತಿ ಚೀಲ. ಅದೇ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ಇಂಥವೇ ಬಸ್ಸುಗಳು ಬಿಡದಿಯ ಕಡೆ ಸಾಗುತ್ತಿರುತ್ತವೆ. ಆ ಬಸ್ಸುಗಳನ್ನು ನೋಡಿದಾಗೆಲ್ಲ ನಮ್ಮ ಜನ ಎರಡು ಮಾತು ಆಡುತ್ತಾರೆ. 'ಇಂಥ ಕಾರ್ಖಾನೆ ನಮ್ಮೂರಿಗೂ ಬರಬೇಕು' ಎಂಬುದು ಒಂದು. 'ರೋಬಾಟ್ ಬಂದ ಮೇಲೆ ಕೆಲಸ ಎಲ್ಲಿ ಉಳಿಯುತ್ತದೆ' ಎಂಬುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ನಾವು ಚರ್ಚಿಸುತ್ತ ಬಂದಿದ್ದೇವೆ. ಅವು ಒಂದೇ ಪ್ರಶ್ನೆಯ ಎರಡು ಮುಖಗಳು ಎಂದು ತೋರಿಸುವುದು ಇಂದಿನ ಉಪನ್ಯಾಸದ ಉದ್ದೇಶ.

ವಿಷಯವನ್ನು ನಾಲ್ಕು ಭಾಗಗಳಲ್ಲಿ ಹೇಳುತ್ತೇನೆ. ಕಾರು ಕಾರ್ಖಾನೆಯಲ್ಲಿ ಯಂತ್ರ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡದು ಎಂಬುದು ಮೊದಲನೆಯದು. ಅಮೆರಿಕದ ಒಂದೇ ಕಟ್ಟಡ ಮೂರು ಬಾರಿ ಹುಟ್ಟಿ ಬಂದ ಕಥೆ ಎರಡನೆಯದು. ದೇಶದೇಶಗಳ ನಡುವಿನ ಸುಂಕದ ಜಗಳ ಮೂರನೆಯದು. ಕೊನೆಯದು ನಮ್ಮ ನಾಡು.

ಮೊದಲ ಭಾಗಕ್ಕೆ ಬರುತ್ತೇನೆ.

ಕಾರು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಿಭಾಗಗಳಿರುತ್ತವೆ. ಪ್ರೆಸ್ ಶಾಪ್‌ನಲ್ಲಿ ಉಕ್ಕಿನ ಹಾಳೆ ಅಚ್ಚುಗಳ ನಡುವೆ ಸಿಕ್ಕಿ ಬಾಗಿಲು, ಛಾವಣಿ, ಬಾನೆಟ್‌ಗಳ ಆಕಾರ ಪಡೆಯುತ್ತದೆ. ಬಾಡಿ ಶಾಪ್‌ನಲ್ಲಿ ಆ ತುಂಡುಗಳು ಬೆಸೆದುಕೊಂಡು ಒಡಲಾಗುತ್ತವೆ. ಒಂದು ಕಾರಿನ ಒಡಲಿಗೆ ಕೆಲವು ಸಾವಿರ ಬೆಸುಗೆ ಚುಕ್ಕೆಗಳು ಬೇಕು. ಪೇಂಟ್ ಶಾಪ್‌ನಲ್ಲಿ ಅದಕ್ಕೆ ಬಣ್ಣ. ದೊಡ್ಡ ಕಾರ್ಖಾನೆಗಳಲ್ಲಿ ಈ ಮೂರು ವಿಭಾಗಗಳಲ್ಲೂ ಇಂದು ರೋಬಾಟ್‌ಗಳದೇ ಮೇಲುಗೈ. ಕಿಡಿ ಹಾರುತ್ತಿರುತ್ತದೆ, ಸುತ್ತ ಮನುಷ್ಯರು ಕಾಣುವುದೇ ಅಪರೂಪ. ಇದು ಆಗಬೇಕಾದದ್ದೇ. ಮೊದಲ ಕೈಗಾರಿಕಾ ರೋಬಾಟ್ ಯೂನಿಮೇಟ್ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಗೆ ಬಂದಾಗ ಅದಕ್ಕೆ ಕೊಟ್ಟ ಕೆಲಸ, ಎರಕದ ಅಚ್ಚಿನಿಂದ ಕಾದ ಲೋಹದ ಭಾಗಗಳನ್ನು ಹೊರತೆಗೆಯುವುದು. ಕೈ ಸುಡುವ ಕೆಲಸ, ಎದೆಗೆ ಹೊಗೆ ತುಂಬುವ ಕೆಲಸ. ಅದು ಮನುಷ್ಯನಿಂದ ತಪ್ಪಿತಲ್ಲ ಎಂದು ಯಾರೂ ದುಃಖಿಸಬೇಕಾಗಿಲ್ಲ.

ನಾಲ್ಕನೆಯದು ಅಂತಿಮ ಜೋಡಣೆಯ ವಿಭಾಗ. ಅಲ್ಲಿಗೆ ಕಾಲಿಟ್ಟರೆ ದೃಶ್ಯ ಬದಲಾಗುತ್ತದೆ. ಎಲ್ಲೆಲ್ಲೂ ಜನ. ಇದಕ್ಕೆ ಕಾರಣ ತಿಳಿಯಬೇಕಾದರೆ ವೈರಿಂಗ್ ಹಾರ್ನೆಸ್ ಎಂಬ ವಸ್ತುವನ್ನು ಹತ್ತಿರದಿಂದ ನೋಡಬೇಕು. ಕಾರಿನ ದೀಪ, ಹಾರನ್, ಸೆನ್ಸರ್, ಕಿಟಕಿ, ಎಲ್ಲಕ್ಕೂ ವಿದ್ಯುತ್ತನ್ನೂ ಸಂಕೇತವನ್ನೂ ಒಯ್ಯುವ ತಂತಿಗಳ ಗೊಂಚಲು ಅದು. ಇಂದಿನ ಕಾರೊಂದರಲ್ಲಿರುವ ತಂತಿಗಳನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ ಒಂದು ಕಿಲೋಮೀಟರನ್ನೂ ಮೀರುತ್ತದೆ. ಹಾರ್ನೆಸ್ ಕಟ್ಟುವ ಕಡೆ ದೊಡ್ಡ ಹಲಗೆಯ ಮೇಲೆ ತಂತಿ ಹೋಗಬೇಕಾದ ದಾರಿಯನ್ನು ಬರೆದು, ತಿರುವು ತಿರುವಿಗೂ ಗೂಟ ನೆಟ್ಟಿರುತ್ತಾರೆ. ಕಾರ್ಮಿಕರು, ಬಹಳ ಕಡೆ ಹೆಣ್ಣುಮಕ್ಕಳು, ಒಂದೊಂದೇ ಎಳೆಯನ್ನು ಗೂಟದಿಂದ ಗೂಟಕ್ಕೆ ಹಾಯಿಸಿ, ಕವಲೊಡೆದ ಕಡೆ ಟೇಪು ಸುತ್ತಿ, ತುದಿಗೆ ಕನೆಕ್ಟರ್ ಸಿಕ್ಕಿಸುತ್ತಾರೆ. ಹೂ ಕಟ್ಟುವವರ ಬೆರಳಿನ ಚುರುಕು ಈ ಕೆಲಸಕ್ಕೆ ಬೇಕು. ಕಬ್ಬಿಣ ಹಿಡಿದ ಕಡೆ ಹಿಡಿದಂತೆ ನಿಲ್ಲುತ್ತದೆ, ತಂತಿ ನಿಲ್ಲುವುದಿಲ್ಲ. ಬಳುಕುತ್ತದೆ, ಜಾರುತ್ತದೆ, ಪ್ರತಿ ಸಲವೂ ಬೇರೆ ರೀತಿಯಲ್ಲಿ ಬೀಳುತ್ತದೆ. ಬಳುಕುವ ವಸ್ತು ರೋಬಾಟ್‌ಗೆ ಇಂದಿಗೂ ಕಷ್ಟ; ಜೋಡಣೆಯ ಸಾಲಿನಲ್ಲಿ ಜನ ತುಂಬಿರುವುದು ಅದಕ್ಕೇ.

2022ರ ಫೆಬ್ರುವರಿಯಲ್ಲಿ ಯುಕ್ರೇನಿನಲ್ಲಿ ಯುದ್ಧ ಶುರುವಾದಾಗ ಇದರ ಪರಿಣಾಮವನ್ನು ಜಗತ್ತೇ ಕಂಡಿತು. ಜರ್ಮನಿಯ ಕಾರುಗಳಿಗೆ ಬೇಕಾದ ಹಾರ್ನೆಸ್‌ಗಳಲ್ಲಿ ಗಣನೀಯ ಭಾಗ ಪಶ್ಚಿಮ ಯುಕ್ರೇನಿನಲ್ಲಿ ತಯಾರಾಗುತ್ತಿತ್ತು. ಅಲ್ಲಿಯ ಕೈಗಳು ನಿಂತವು. ಕೆಲವೇ ದಿನಗಳಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಕಾರ್ಖಾನೆಗಳ ಸಾಲುಗಳೂ ನಿಂತವು. ನೂರಾರು ರೋಬಾಟ್‌ಗಳು ಸುಸ್ಥಿತಿಯಲ್ಲಿದ್ದವು, ಕರೆಂಟ್ ಇತ್ತು, ಆರ್ಡರ್ ಇತ್ತು. ತಂತಿಯ ಗೊಂಚಲು ಮಾತ್ರ ಇರಲಿಲ್ಲ. ಸ್ವಯಂಚಾಲಿತ ಎಂದು ನಾವು ಕರೆಯುವ ಕಾರ್ಖಾನೆ, ದೂರದೂರಿನಲ್ಲಿ ನಿಂತು ಕೆಲಸ ಮಾಡುವ ಯಾರದೋ ಬೆರಳುಗಳ ಮೇಲೆ ನಿಂತಿರುತ್ತದೆ. ಇದು ಮೊದಲ ಭಾಗದ ಸಾರ.

ಇನ್ನು ಎರಡನೆಯ ಭಾಗ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನ ಕಾರು ಕಾರ್ಖಾನೆಯ ಕಥೆ.

1960ರ ದಶಕದಲ್ಲಿ ಜನರಲ್ ಮೋಟರ್ಸ್ ಇದನ್ನು ಕಟ್ಟಿಸಿತು. ಕಾಲಕ್ರಮದಲ್ಲಿ ಗೈರುಹಾಜರಿ, ಮುಷ್ಕರ, ಕಳಪೆ ಗುಣಮಟ್ಟ ಇವುಗಳಿಂದ ಹೆಸರು ಕೆಟ್ಟು, 1982ರಲ್ಲಿ ಬಾಗಿಲು ಮುಚ್ಚಿತು. ಎರಡು ವರ್ಷದ ನಂತರ ಜಪಾನಿನ ಟೊಯೊಟಾ ಮತ್ತು ಜನರಲ್ ಮೋಟರ್ಸ್ ಸೇರಿ ಅದೇ ಕಟ್ಟಡದಲ್ಲಿ ನುಮ್ಮಿ ಎಂಬ ಜಂಟಿ ಕಂಪನಿಯನ್ನು ತೆರೆದವು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ; ಹಳೆಯ ಕಾರ್ಮಿಕ ಸಂಘವೇ. ನೂರಾರು ಜನರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು.

ಅಲ್ಲಿ ಕಲಿತದ್ದೇನು ಎಂಬುದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ಟೊಯೊಟಾದ ಮೂಲ ಕಾರಲ್ಲ, ಮಗ್ಗ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದು ಎಳೆ ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರದಲ್ಲೋ ರಬಕವಿ ಬನಹಟ್ಟಿಯಲ್ಲೋ ಮಗ್ಗದ ಮುಂದೆ ಬೆಳೆದವರಿಗೆ ಇದರ ಬೆಲೆ ಗೊತ್ತು. ಎಳೆ ಕಡಿದದ್ದು ತಿಳಿಯದೆ ಮಗ್ಗ ಓಡಿದರೆ ನೇಯ್ದದ್ದೆಲ್ಲ ಹಾಳು. ತಪ್ಪು ಕಂಡ ಕೂಡಲೇ ನಿಲ್ಲುವ ಯಂತ್ರದ ಪಕ್ಕ ಯಾರೂ ಕಾವಲು ನಿಲ್ಲಬೇಕಾಗಿಲ್ಲ. ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದು. ಈ ತತ್ವಕ್ಕೆ ಟೊಯೊಟಾದವರು ಜಿದೋಕಾ ಎಂದು ಹೆಸರಿಟ್ಟರು. ಸ್ವಯಂಚಾಲನೆ ಎಂಬ ಜಪಾನಿ ಪದವನ್ನು ಬರೆಯುವಾಗ ಚಲನೆಯನ್ನು ಸೂಚಿಸುವ ಅಕ್ಷರದ ಪಕ್ಕ ಮನುಷ್ಯ ಎಂಬರ್ಥದ ಚಿಹ್ನೆಯನ್ನು ಅವರು ಸೇರಿಸಿ ಬರೆಯುತ್ತಾರೆ. ಯಂತ್ರ ನಿಲ್ಲುತ್ತದೆ, ಮನುಷ್ಯನನ್ನು ಕರೆಯುತ್ತದೆ, ಅವನು ಬಂದು ಕಾರಣ ಹುಡುಕುತ್ತಾನೆ.

ಕಾರಿನ ಸಾಲಿನಲ್ಲಿ ಈ ತತ್ವ ಒಂದು ಹಗ್ಗವಾಯಿತು. ಕಾರ್ಮಿಕರ ತಲೆಯ ಮೇಲೆ ತೂಗುವ ಹಗ್ಗ. ಸ್ಕ್ರೂ ಸರಿಯಾಗಿ ಕೂರಲಿಲ್ಲ, ಬಾಗಿಲು ಓರೆಯಾಗಿದೆ ಎಂದು ಕಂಡರೆ ಯಾರು ಬೇಕಾದರೂ ಎಳೆಯಬಹುದು. ಗುಂಪಿನ ಮುಖ್ಯಸ್ಥರು ಓಡಿ ಬರುತ್ತಾರೆ. ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಏನೇ ಆದರೂ ಸಾಲು ನಿಲ್ಲಕೂಡದು ಎಂಬ ಕಟ್ಟಪ್ಪಣೆಯಲ್ಲಿ ವರ್ಷಗಟ್ಟಲೆ ದುಡಿದಿದ್ದ ಫ್ರೀಮಾಂಟಿನ ಕಾರ್ಮಿಕರ ಕೈಗೆ ಆ ಹಗ್ಗ ಬಂತು. ಫಲ ಏನಾಯಿತು? 1987ರ ಹೊತ್ತಿಗೆ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮೂರು ಕಾರ್ಖಾನೆಗಳನ್ನು ಹೋಲಿಸಿ ನೋಡಿದರು. ಒಂದೇ ಬಗೆಯ ಕೆಲಸಕ್ಕೆ ಜನರಲ್ ಮೋಟರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಕಾರೊಂದಕ್ಕೆ 31 ಗಂಟೆಯ ದುಡಿಮೆ, ಜಪಾನಿನಲ್ಲಿ ಟೊಯೊಟಾದ ಟಕಾಓಕಾ ಕಾರ್ಖಾನೆಯಲ್ಲಿ 16, ಫ್ರೀಮಾಂಟಿನಲ್ಲಿ 19. ನೂರು ಕಾರಿಗೆ ದೋಷಗಳು ಕ್ರಮವಾಗಿ 135, 45, 45. ಫ್ರೀಮಾಂಟಿನಲ್ಲಿ ಊರು ಅದೇ, ಬಹುಪಾಲು ಜನವೂ ಅವರೇ. ಬದಲಾದದ್ದು ಅವರ ಮೇಲಿಟ್ಟ ನಂಬಿಕೆ ಮತ್ತು ಕೊಟ್ಟ ತರಬೇತಿ. ಅದೇ ವರ್ಷಗಳಲ್ಲಿ ಜನರಲ್ ಮೋಟರ್ಸ್ ತನ್ನ ಇತರ ಕಾರ್ಖಾನೆಗಳಿಗೆ ರೋಬಾಟ್ ತರಲು ಅಪಾರ ಹಣ ಸುರಿಯುತ್ತಿತ್ತು. ಡೆಟ್ರಾಯ್ಟ್‌ನ ಹ್ಯಾಮ್‌ಟ್ರಾಮಿಕ್‌ನಲ್ಲಿ ಬಣ್ಣ ಬಳಿಯುವ ರೋಬಾಟ್‌ಗಳು ಕಾರನ್ನು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದವೆಂದು ಆ ದಿನಗಳಲ್ಲಿ ವರದಿಯಾಗಿತ್ತು.

ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಯಾಗಿ ಹೊರನಡೆಯಿತು. 2010ರ ಏಪ್ರಿಲ್‌ನಲ್ಲಿ ಟೊಯೊಟಾ ಕೂಡ ನುಮ್ಮಿಯನ್ನು ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಕೌಶಲ ಒಂದೇ ಕಾರ್ಖಾನೆಯನ್ನು ಉಳಿಸುತ್ತದೆಂದು ನಾನು ಹೇಳಿದರೆ ಅದು ಅವರಿಗೆ ಮಾಡುವ ಅನ್ಯಾಯ. ಆದರೆ ಕಟ್ಟಡ ಖಾಲಿ ಉಳಿಯಲಿಲ್ಲ. ಅದೇ ವರ್ಷ ಟೆಸ್ಲಾ ಕೊಂಡಿತು.

ಟೆಸ್ಲಾದ ಅನುಭವವೂ ನಮಗೆ ಪಾಠವೇ. ಮಾಡೆಲ್ 3 ಕಾರನ್ನು ಸಾಧ್ಯವಾದಷ್ಟೂ ಯಂತ್ರಗಳಿಂದಲೇ ತಯಾರಿಸುವ ಹಂಬಲದಿಂದ ಹೊರಟ ಕಂಪನಿ 2018ರ ಹೊತ್ತಿಗೆ ಹೇಳಿದಷ್ಟು ಕಾರು ಕೊಡಲಾಗದೆ ತತ್ತರಿಸಿತು. ಬ್ಯಾಟರಿಯ ಮೇಲೆ ಗಾಜುನಾರಿನ ಹಗುರ ಚಾಪೆಯೊಂದನ್ನು ಹಾಸಲು ಒಂದು ರೋಬಾಟ್ ಇಟ್ಟಿದ್ದರು. ಚಾಪೆ ಹತ್ತಿಯ ಹಾಗೆ ಮೆತ್ತಗೆ; ರೋಬಾಟ್ ಅದನ್ನು ಎತ್ತಲಾರದೆ ಸೋಲುತ್ತಿತ್ತು, ಎತ್ತಿದರೂ ತಪ್ಪು ಜಾಗಕ್ಕೆ ಇಡುತ್ತಿತ್ತು. ಕೊನೆಗೆ ಆ ಚಾಪೆಯೇ ಅನಗತ್ಯವೆಂದು ಗೊತ್ತಾಯಿತು. ಅತಿಯಾದ ಸ್ವಯಂಚಾಲನೆ ತಪ್ಪಾಯಿತು, ಮನುಷ್ಯರ ಬೆಲೆಯನ್ನು ಕಡಿಮೆ ಅಂದಾಜು ಮಾಡಿದೆವು ಎಂದು ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಕಾರ್ಖಾನೆಯ ಹೊರಗೆ ದೊಡ್ಡ ಡೇರೆ ಹಾಕಿ ಅಲ್ಲಿ ಇನ್ನೊಂದು ಜೋಡಣೆ ಸಾಲು ತೆರೆದು, ವಾರಕ್ಕೆ 5,000 ಕಾರಿನ ಗುರಿಯನ್ನು ಮುಟ್ಟಿದರು. ಬೇಡದ ಕೆಲಸ ಯಾವುದು ಎಂದು ಗುರುತಿಸುವ ಕಣ್ಣು ಮೊದಲು ಬೇಕು, ಯಂತ್ರ ಆಮೇಲೆ.

ಈಗ ಮೂರನೆಯ ಭಾಗ. ಕಾರು ಎಲ್ಲಿ ತಯಾರಾಗಬೇಕು ಎಂಬ ಬಗ್ಗೆ ದೇಶಗಳು ಯಾಕೆ ಜಗಳವಾಡುತ್ತವೆ?

1980ರ ಸುಮಾರಿಗೆ ಜಪಾನಿನ ಸಣ್ಣ ಕಾರುಗಳು ಅಮೆರಿಕದ ಮಾರುಕಟ್ಟೆಯನ್ನು ತುಂಬಿದವು. ಡೆಟ್ರಾಯ್ಟ್‌ನಲ್ಲಿ ಕೆಲಸ ಹೋದವರ ಸಿಟ್ಟು ಹೊತ್ತಿಕೊಂಡಿತು. 1982ರಲ್ಲಿ ಆ ಊರಿನ ಹತ್ತಿರ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ಅಮೆರಿಕನ್ ಯುವಕನನ್ನು ಇಬ್ಬರು ಹೊಡೆದು ಕೊಂದರು. ಅವರಲ್ಲೊಬ್ಬ ಕಾರು ಕಂಪನಿಯ ಮೇಲ್ವಿಚಾರಕ. ಕಾರು ಎಲ್ಲಿ ತಯಾರಾಗುತ್ತದೆ ಎಂಬ ವಾದ ಅಂಕಿಅಂಶಗಳ ಲೆಕ್ಕವಷ್ಟೇ ಎಂದು ತಿಳಿಯಬಾರದು. ಅನ್ನ ಕಳೆದುಕೊಂಡವರ ಸಂಕಟವನ್ನು ಪರಕೀಯರ ಮೇಲಿನ ದ್ವೇಷವಾಗಿ ತಿರುಗಿಸುವುದು ಬಹಳ ಸುಲಭ ಎಂಬುದನ್ನು ಆ ಸಾವು ನೆನಪಿಸುತ್ತದೆ.

1981ರಲ್ಲಿ ಜಪಾನ್ ಅಮೆರಿಕದ ಒತ್ತಡಕ್ಕೆ ಮಣಿದು ಅಲ್ಲಿಗೆ ಕಳಿಸುವ ಕಾರುಗಳನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಲು ಒಪ್ಪಿತು. ಇಂಥ ಒತ್ತಡಗಳ ನಡುವೆ ಕಾರುಗಳ ಬದಲು ಕಾರ್ಖಾನೆಗಳೇ ಸಮುದ್ರ ದಾಟಿದವು. ಹೋಂಡಾ 1982ರಲ್ಲಿ ಓಹಾಯೊದ ಮೇರಿಸ್‌ವಿಲ್‌ನಲ್ಲಿ, ನಿಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ, ಟೊಯೊಟಾ 1988ರಲ್ಲಿ ಕೆಂಟಕಿಯಲ್ಲಿ ವಾಹನ ತಯಾರಿಸತೊಡಗಿದವು. ಗಮನಿಸಿ, ಇವು ಯಾವುವೂ ಡೆಟ್ರಾಯ್ಟ್‌ಗೆ ಹೋಗಲಿಲ್ಲ. ದೇಶಕ್ಕೆ ಕಾರ್ಖಾನೆ ಬಂತು, ಕೆಲಸ ಕಳೆದುಕೊಂಡ ಊರಿಗೆ ಬರಲಿಲ್ಲ.

ಸುಂಕದ ಗೋಡೆ ಕಾರ್ಖಾನೆಯನ್ನು ಎಳೆದು ತರುತ್ತದೆ ಎಂಬುದು ನಿಜ. 2020ರಲ್ಲಿ ಜಾರಿಯಾದ ಅಮೆರಿಕ, ಮೆಕ್ಸಿಕೊ, ಕೆನಡಾ ಒಪ್ಪಂದ, ಸುಂಕವಿಲ್ಲದೆ ಗಡಿ ದಾಟಬೇಕಾದರೆ ಕಾರಿನ ಮೌಲ್ಯದ ಶೇ 75ರಷ್ಟು ಈ ಮೂರು ದೇಶಗಳದ್ದೇ ಆಗಿರಬೇಕು ಎನ್ನುತ್ತದೆ. ಶೇ 40ರಿಂದ 45ರಷ್ಟು ಭಾಗ ಗಂಟೆಗೆ ಕನಿಷ್ಠ 16 ಡಾಲರ್ ಸಂಬಳ ಪಡೆಯುವವರ ಕೈಯಿಂದ ಬಂದಿರಬೇಕು ಎಂದೂ ಹೇಳುತ್ತದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಆಮದು ಕಾರುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹೇರಿತು. ಆದರೆ ಕೊನೆಯ ತಿರುಪನ್ನೂ ಲೆಕ್ಕ ಹಿಡಿದರೆ ಕಾರೊಂದರಲ್ಲಿ ಸುಮಾರು 30,000 ಭಾಗಗಳಿರುತ್ತವೆ. ಅವು ಎಷ್ಟೋ ಗಡಿಗಳನ್ನು ದಾಟಿ ಬಂದು ಒಂದೆಡೆ ಕೂಡುತ್ತವೆ. ಕೂಡುವ ಜಾಗವನ್ನು ಸುಂಕ ಬದಲಿಸಬಹುದು. ಆ ಭಾಗಗಳನ್ನು ಮಾಡುವ, ಅಚ್ಚು ಕೆತ್ತುವ, ರೋಬಾಟ್ ದುರಸ್ತಿ ಮಾಡುವ ಅರಿವನ್ನು ಸುಂಕದಿಂದ ಎಳೆದು ತರಲಾಗದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ರೋಬಾಟ್ ಹೆಚ್ಚಾದರೆ ಅಗ್ಗದ ಕೂಲಿಯ ದೇಶಗಳಿಗೆ ಬೆಲೆ ಇರುವುದಿಲ್ಲ, ಕಾರ್ಖಾನೆಗಳು ಶ್ರೀಮಂತ ದೇಶಗಳಿಗೆ ಮರಳುತ್ತವೆ ಎನ್ನುವವರಿದ್ದಾರೆ. ಅಂತರರಾಷ್ಟ್ರೀಯ ರೋಬಾಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಅಳವಡಿಸಿದ ಕೈಗಾರಿಕಾ ರೋಬಾಟ್‌ಗಳು ಸುಮಾರು 5.41 ಲಕ್ಷ. ಅದರಲ್ಲಿ ಅರ್ಧಕ್ಕೂ ಹೆಚ್ಚು ಚೀನಾದಲ್ಲಿ. ಅದೇ ವರ್ಷ ಚೀನಾ 3 ಕೋಟಿಗೂ ಹೆಚ್ಚು ವಾಹನ ತಯಾರಿಸಿತು. ಭಾರತದಲ್ಲಿ ಆ ವರ್ಷ ಅಳವಡಿಸಿದ್ದು ಸುಮಾರು 8,500. ಅಗ್ಗದ ಕೂಲಿಯನ್ನು ಆಸರೆಯಾಗಿಸಿಕೊಂಡು ಮೊದಲಿಟ್ಟ ದೇಶವೇ ರೋಬಾಟ್‌ಗಳಲ್ಲೂ ಮುಂದೆ ಹೋಯಿತು. ಪೂರೈಕೆದಾರರು, ಬಂದರು, ವಿದ್ಯುತ್, ಕುಶಲಕರ್ಮಿಗಳು ಒಟ್ಟಿಗೆ ಇದ್ದ ಕಡೆಗೆ ಯಂತ್ರವೂ ಹೋಗುತ್ತದೆ.

ಕೊನೆಯ ಭಾಗ, ನಮ್ಮ ನಾಡು.

ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲೇ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅನ್ನೂ ಆರಂಭಿಸಿದರು. ಅಂದು ನಮ್ಮ ಮಣ್ಣಿನಲ್ಲಿ ಕಾರು ಜೋಡಣೆ ಇರಲಿಲ್ಲವೆಂದಲ್ಲ. ಜನರಲ್ ಮೋಟರ್ಸ್ 1928ರಿಂದಲೇ ಮುಂಬಯಿಯಲ್ಲಿ ಹೊರಗಿನ ಭಾಗಗಳನ್ನು ತರಿಸಿ ಜೋಡಿಸುತ್ತಿತ್ತು. ವಿಶ್ವೇಶ್ವರಯ್ಯನವರಿಗೆ ಜೋಡಣೆ ಸಾಲದಾಗಿತ್ತು, ತಯಾರಿಕೆ ಬೇಕಾಗಿತ್ತು. ಸ್ವತಂತ್ರ ಭಾರತ 1953ರಲ್ಲಿ ಅದೇ ನಿಲುವು ತಳೆದು, ತಯಾರಿಕೆಯ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಜಾಗವಿಲ್ಲ ಎಂದಿತು. ಜನರಲ್ ಮೋಟರ್ಸ್, ಫೋರ್ಡ್ ಹೊರಟುಹೋದವು.

ಈಚಿನ ಚಿತ್ರ ನೋಡೋಣ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸತೊಡಗಿತು. 2001ರಲ್ಲಿ ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದು ಲಂಡನ್ನಿನವರೆಗೂ ಹೋಯಿತು. ಆದರೆ ಬೆಂಗಳೂರಿನಲ್ಲೇ ರೂಪುಗೊಂಡ ಏಥರ್ ಸ್ಕೂಟರ್ ಗಡಿಯಾಚೆಯ ಹೊಸೂರಿನಲ್ಲಿ, ಓಲಾ ಸ್ಕೂಟರ್ ಕೃಷ್ಣಗಿರಿ ಜಿಲ್ಲೆಯಲ್ಲಿ ತಯಾರಾಗುತ್ತಿವೆ. ಟೆಸ್ಲಾದ ಭಾರತೀಯ ಕಂಪನಿ 2021ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದಾಗ ನಾವು ಸಂಭ್ರಮಪಟ್ಟೆವು. 2025ರಲ್ಲಿ ಅದು ಮಳಿಗೆ ತೆರೆದದ್ದು ಮುಂಬಯಿಯಲ್ಲಿ, ಮಾರಾಟಕ್ಕಿಟ್ಟದ್ದು ಶಾಂಘೈಯಿಂದ ಬಂದ ಕಾರುಗಳನ್ನು.

ಇಂಥ ಸುದ್ದಿ ಬಂದಾಗೆಲ್ಲ ನಾವು ಕೇಳುವುದು, ಎಷ್ಟು ಎಕರೆ ಕೊಟ್ಟರು, ಎಷ್ಟು ತೆರಿಗೆ ಬಿಟ್ಟರು ಎಂದು. ನೆಲದ ಚೌಕಾಶಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಬಂಗಾಳದ ಸಿಂಗೂರು ಸಾಕ್ಷಿ. ಸುಮಾರು 1,000 ಎಕರೆ ಭೂಮಿ, ರೈತರ ಹೋರಾಟ, 2008ರಲ್ಲಿ ನ್ಯಾನೊ ಕಾರಿನ ಯೋಜನೆ ಗುಜರಾತಿನ ಸಾಣಂದಕ್ಕೆ ಹೋದದ್ದು, 2016ರಲ್ಲಿ ಸ್ವಾಧೀನವನ್ನೇ ರದ್ದುಪಡಿಸಿ ಭೂಮಿ ಮರಳಿಸುವಂತೆ ಸುಪ್ರೀಂ ಕೋರ್ಟ್ ಹೇಳಿದ್ದು. ಅಗ್ಗದ ನೆಲಕ್ಕಾಗಿ ಬಂದವರು ಇನ್ನೂ ಅಗ್ಗದ ನೆಲ ಸಿಕ್ಕರೆ ಹೊರಡುತ್ತಾರೆ. ನುರಿತ ಕೈಗಳಿಗಾಗಿ ಬಂದವರಿಗೆ ಹೊರಡುವುದು ಅಷ್ಟು ಸುಲಭವಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ದುರಸ್ತಿ ವಿಭಾಗದಲ್ಲಿದ್ದಾನೆ. ಅಲ್ಲಿಯ ವೆಲ್ಡಿಂಗ್ ರೋಬಾಟ್ ಒಂದು ರಾತ್ರಿ ಪಾಳಿಯಲ್ಲಿ ಮತ್ತೆ ಮತ್ತೆ ನಿಲ್ಲತೊಡಗಿತು. ತಯಾರಕರ ಕಡೆಯವರು ಫೋನಿನಲ್ಲಿ ಸಾಫ್ಟ್‌ವೇರ್ ನೋಡಿ ಎನ್ನುತ್ತಿದ್ದರು. ಇವನು ಟಾರ್ಚ್ ಹಿಡಿದು ತೋಳಿನ ಪಕ್ಕ ನಿಂತ. ತೋಳು ಒಂದು ಕಡೆ ಪೂರ್ತಿ ತಿರುಗಿದಾಗ ಮಾತ್ರ ನಿಲ್ಲುತ್ತದೆ ಎಂಬುದನ್ನು ಗಮನಿಸಿದ. ಕೀಲಿನ ಹತ್ತಿರ ಕೇಬಲ್ ಉಜ್ಜಿ ಉಜ್ಜಿ ಒಳಗಿನ ಎಳೆ ಸವೆದಿತ್ತು. 'ಸರ್, ಎಳೆ ಕಡಿದದ್ದು ಮೊದಲು ಕಾಣಲಿಲ್ಲ, ಕೈಗೆ ಸಿಕ್ಕಿತು' ಎಂದ. ಅವನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು, ಆಮೇಲೆ ಡಿಪ್ಲೊಮಾ ಮಾಡಿದವನು. ಅವನ ಪಕ್ಕದಲ್ಲಿದ್ದ ಇಬ್ಬರು ಹುಡುಗರು ಕೆಲವೇ ತಿಂಗಳ ಗುತ್ತಿಗೆಯವರು. ಅವಧಿ ಮುಗಿದು ಹೊರಟುಹೋದರು. ಆ ರಾತ್ರಿ ಅವರು ಕಲಿತದ್ದೂ ಅವರ ಜೊತೆಯೇ ಹೋಯಿತು. ಹನ್ನೊಂದು ತಿಂಗಳಿಗೆ ಬಂದು ಹೋಗುವವನಿಗೆ ಯಾರೂ ರೋಬಾಟ್ ಬಿಚ್ಚುವುದನ್ನು ಕಲಿಸುವುದಿಲ್ಲ.

ಇದನ್ನೇ ನಾನು ಹೇಳಲು ಬಂದದ್ದು. ಯಂತ್ರ ನಿಂತಾಗ ಅದರ ಬಳಿಗೆ ಬರುವವರು ಯಾವ ಊರಿನವರೋ, ಕಾರು ನಿಜವಾಗಿ ತಯಾರಾಗುವುದು ಆ ಊರಿನಲ್ಲಿ.

ಇದಕ್ಕೆ ಬೇಕಾದ ಬೇರು ನಮ್ಮಲ್ಲಿ ಇಲ್ಲದೆ ಇಲ್ಲ. ಎಚ್‌ಎಂಟಿ ಯಂತ್ರೋಪಕರಣಗಳ ಪರಂಪರೆ ಇದೆ. ಪೀಣ್ಯದ ಸಣ್ಣ ಸಣ್ಣ ಶೆಡ್‌ಗಳಲ್ಲಿ ಅಚ್ಚು ಕೆತ್ತುವ ಕುಶಲಿಗರಿದ್ದಾರೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಅಚ್ಚು ಮಾಡುವ ವಿದ್ಯೆ ಕಲಿಸುತ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿದ್ಯುತ್ ಕಾರು ನೀತಿಯೂ ಕಡಿಮೆ ಸುಂಕದ ಸವಲತ್ತು ಪಡೆಯುವವರು ಮೂರು ವರ್ಷದಲ್ಲಿ ಶೇ 25, ಐದು ವರ್ಷದಲ್ಲಿ ಶೇ 50ರಷ್ಟು ಮೌಲ್ಯವನ್ನು ಇಲ್ಲೇ ಸೇರಿಸಬೇಕು ಎನ್ನುತ್ತದೆ. ಒಳ್ಳೆಯ ಷರತ್ತು. ಆದರೆ ಮೌಲ್ಯವನ್ನು ಅಳೆಯುವಂತೆ ವಿದ್ಯೆಯನ್ನೂ ಅಳೆಯಬೇಕು.

ಆದ್ದರಿಂದ ಮೂರು ವಿನಂತಿಗಳೊಂದಿಗೆ ಮುಗಿಸುತ್ತೇನೆ. ಸರ್ಕಾರಕ್ಕೆ ನನ್ನ ವಿನಂತಿ: ಕಾರ್ಖಾನೆಯ ಜೊತೆ ಒಪ್ಪಂದ ಮಾಡುವಾಗ ಎಷ್ಟು ಕೋಟಿ ಬಂಡವಾಳ ಎಂದು ಬರೆಯುವ ಪುಟದಲ್ಲೇ, ರೋಬಾಟ್ ದುರಸ್ತಿಗೆ, ಅಚ್ಚಿನ ಕೆಲಸಕ್ಕೆ ಎಷ್ಟು ಜನ ಸ್ಥಳೀಯರನ್ನು, ಎಷ್ಟು ವರ್ಷದಲ್ಲಿ ಸಿದ್ಧಪಡಿಸುತ್ತೀರಿ ಎಂದು ಬರೆಸಿ. ಉದ್ಯಮಿಗಳಿಗೆ: ಯಂತ್ರದ ಪಕ್ಕ ನಿಲ್ಲುವವರನ್ನು ಕಾಯಂ ಮಾಡಿ, ಸಾಲು ನಿಲ್ಲಿಸುವ ಹಗ್ಗವನ್ನು ಅವರ ಕೈಗೆ ಕೊಡಿ. ತಂದೆತಾಯಂದಿರಿಗೆ: ನಿಮ್ಮ ಮಗಳು ಜಿಟಿಟಿಸಿಗೋ ಐಟಿಐಗೋ ಹೋಗುತ್ತೇನೆ ಎಂದರೆ ದಯವಿಟ್ಟು ಬೇಡ ಎನ್ನಬೇಡಿ. ನಾಳೆ ಬಿಡದಿಯಲ್ಲಿ ಒಂದು ರೋಬಾಟ್ ನಿಂತಾಗ, ಟಾರ್ಚ್ ಹಿಡಿದು ಬರುವವಳು ಅವಳೇ ಆಗಲಿ.